ಶೇಷ ಸೊನ್ನೆ ಆಗಲೇಬೇಕಾ?

ಉಪ್ಸಿಲಾನ್ ಆಂಡ್ರೊಮಿಡೆ ಅಂತ ಒಂದು ನಕ್ಷತ್ರ ಇದೆ. ನಮ್ಮಿಂದ ಸುಮಾರು 44 ಜ್ಯೋತಿರ್ವರ್ಷ ದೂರ. ಸೂರ್ಯನದೇ ಜಾತಿ, ಸ್ವಲ್ಪ ದೊಡ್ಡಣ್ಣ ಅನ್ನಬಹುದು: ತೂಕ ಸೂರ್ಯನ 1.3 ಪಟ್ಟು, ಬಿಸಿಯೂ ಒಂಚೂರು ಜಾಸ್ತಿ. ಅದರ ಸುತ್ತ ಮೂರು ದೈತ್ಯ ಗ್ರಹಗಳು ಸುತ್ತುತ್ತಿವೆ ಅನ್ನುವ ಸುದ್ದಿ ಹೊರಬಿದ್ದದ್ದು 1999ರ ಏಪ್ರಿಲ್‌ನಲ್ಲಿ. ಸತ್ತ ನಕ್ಷತ್ರವಾದ ಪಲ್ಸಾರ್ ಒಂದರ ಸುತ್ತ ಗ್ರಹಗಳಿವೆ ಅಂತ 1992ರಲ್ಲೇ ತಿಳಿದಿತ್ತು, ಆ ಮಾತು ಬೇರೆ. ಸೂರ್ಯನಂಥ ಮಾಮೂಲಿ ನಕ್ಷತ್ರಕ್ಕೂ ಒಂದಕ್ಕಿಂತ ಹೆಚ್ಚು ಗ್ರಹಗಳ ಸಂಸಾರ ಇರುತ್ತೆ ಅಂತ ಮೊದಲ ಸಲ ಗೊತ್ತಾದದ್ದು ಇಲ್ಲಿಯೇ.

ಈ ಮೂರರಲ್ಲಿ ಎರಡು ಗ್ರಹಗಳು ಸಿಕ್ಕಿದ್ದು, ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಜಾಗವೇ ಇಲ್ಲದ ಒಂದು ಕಾಲಮ್ಮಿನಿಂದ. ಅದಕ್ಕೇ ಈ ಲೇಖನ. ಆ ಕಾಲಮ್ಮಿನ ಹೆಸರು ರೆಸಿಡ್ಯುಯಲ್. ಹೀಗಂದರೆ ನಾಲ್ಕನೇ ಸೆಮಿಸ್ಟರಿನ ಗಣಿತದ ಪುಸ್ತಕ ನೆನಪಾಗಿ ನಿದ್ದೆ ಬರುತ್ತೆ. ಆದರೆ ಕನ್ನಡದಲ್ಲಿ ಇದಕ್ಕೆ ಪ್ರೈಮರಿ ಸ್ಕೂಲಿನಿಂದಲೇ ನಮ್ಮ ಜೊತೆಗಿರುವ ಪದ ಇದೆ: ಶೇಷ. ಭಾಜ್ಯ, ಭಾಜಕ, ಭಾಗಲಬ್ಧ, ಕೊನೆಗೆ ಶೇಷ. ಶೇಷ ಸೊನ್ನೆ ಬಂದರೆ ಲೆಕ್ಕ ಸರಿಹೋಯ್ತು ಅಂತ ಖುಷಿ, ಏನಾದರೂ ಉಳಿದರೆ ಕಿರಿಕಿರಿ. ಆ ಕಿರಿಕಿರಿಯನ್ನು ನಾವು ಇಂಜಿನಿಯರಿಂಗ್ ತನಕ ಹೊತ್ತುಕೊಂಡೇ ಬಂದಿದ್ದೇವೆ ಅನ್ನುವುದು ನಮ್ಮ ತಕರಾರು.

ಮೊದಲು ನಕ್ಷತ್ರದ ಕಥೆ.

ಗ್ರಹಗಳನ್ನು ಅಲ್ಲಿ ಯಾರೂ ಕಣ್ಣಿಂದ ನೋಡಿಲ್ಲ. ನೋಡಿದ್ದು ನಕ್ಷತ್ರದ ಬೆಳಕನ್ನು ಮಾತ್ರ. ಗ್ರಹ ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವೂ ಸುಮ್ಮನೆ ನಿಂತಿರಲ್ಲ, ಇಬ್ಬರೂ ಸೇರಿ ಒಂದು ಸಮಾನ ಬಿಂದುವಿನ ಸುತ್ತ ತಿರುಗುತ್ತಾರೆ. ಹಾಗಾಗಿ ನಕ್ಷತ್ರ ಒಮ್ಮೆ ನಮ್ಮ ಕಡೆ ಬರುತ್ತೆ, ಒಮ್ಮೆ ದೂರ ಸರಿಯುತ್ತೆ, ಅದರ ಬೆಳಕಿನ ರೇಖೆಗಳು ನೀಲಿ ಕಡೆಗೂ ಕೆಂಪು ಕಡೆಗೂ ಓಲಾಡುತ್ತವೆ. ಡಾಪ್ಲರ್ ಪರಿಣಾಮ, ಪಿಯುಸಿಯಲ್ಲಿ ಓದಿದ್ದೇ. ಓಲಾಟ ಎಷ್ಟು ಚಿಕ್ಕದು ಅನ್ನೋದರಲ್ಲಿ ಮಜಾ ಇದೆ. ಗುರು ಗ್ರಹ ನಮ್ಮ ಸೂರ್ಯನನ್ನು ಅಲ್ಲಾಡಿಸುವ ವೇಗ ಸೆಕೆಂಡಿಗೆ ಸುಮಾರು 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್. ಸಿಟಿ ಬಸ್ಸಿನ ಸ್ಪೀಡು. ಭೂಮಿ ಸೂರ್ಯನನ್ನು ಅಲ್ಲಾಡಿಸುವುದು ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ. ಉಪ್ಸಿಲಾನ್ ಆಂಡ್ರೊಮಿಡೆಯ ಒಳಗಿನ ಗ್ರಹ ಸ್ವಲ್ಪ ಉದಾರಿ, ತನ್ನ ನಕ್ಷತ್ರವನ್ನು ಸೆಕೆಂಡಿಗೆ ಸುಮಾರು 70 ಮೀಟರಿನಷ್ಟು ಅಲ್ಲಾಡಿಸುತ್ತೆ. ಹಾಗಿದ್ದೂ ಬೆಳಕಿನ ವೇಗಕ್ಕೆ ಹೋಲಿಸಿದರೆ ಅದು ಒಂದು ಕೋಟಿಯಲ್ಲಿ ಎರಡು ಚಿಲ್ಲರೆ ಪಾಲು. 500 ನ್ಯಾನೋಮೀಟರ್ ತರಂಗಾಂತರದ ರೇಖೆಯೊಂದು 0.00012 ನ್ಯಾನೋಮೀಟರ್ ಜರುಗಿದರೆ ಅದನ್ನು ಹಿಡಿಯಬೇಕು.

ರಾತ್ರಿ ಚಳಿಗೆ ಟೆಲಿಸ್ಕೋಪಿನ ಲೋಹ ಕುಗ್ಗುತ್ತೆ, ಸ್ಪೆಕ್ಟ್ರೋಗ್ರಾಫ್ ಒಳಗಿನ ಗಾಳಿಯ ಒತ್ತಡ ಬದಲಾಗುತ್ತೆ. ಇವುಗಳಿಂದಲೇ ರೇಖೆ ಅದಕ್ಕಿಂತ ಜಾಸ್ತಿ ಜರುಗುತ್ತೆ. ಹಾಗಾದರೆ ನಕ್ಷತ್ರ ಅಲ್ಲಾಡಿತೋ, ಉಪಕರಣ ಅಲ್ಲಾಡಿತೋ ಅಂತ ಹೇಳೋದು ಹೇಗೆ? ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ ಬೆಟ್ಟದ ಮೇಲಿರುವ ಲಿಕ್ ವೀಕ್ಷಣಾಲಯದಲ್ಲಿ ಜೆಫ್ ಮಾರ್ಸಿ ಮತ್ತು ಪಾಲ್ ಬಟ್ಲರ್ ಬಳಸಿದ ಉಪಾಯ ಸರಳ. ನಕ್ಷತ್ರದ ಬೆಳಕು ಸ್ಪೆಕ್ಟ್ರೋಗ್ರಾಫ್ ಒಳಗೆ ಹೋಗುವ ಮುಂಚೆ ಅಯೋಡಿನ್ ಆವಿ ತುಂಬಿದ ಒಂದು ಗಾಜಿನ ಕೊಳವೆ ದಾಟಬೇಕು. ಅಯೋಡಿನ್ ಆ ಬೆಳಕಿನ ಮೇಲೆ ಸಾವಿರಾರು ತೆಳು ಗೆರೆಗಳನ್ನು ಹಾಕಿ ಕಳಿಸುತ್ತೆ. ಉಪಕರಣ ಅಲ್ಲಾಡಿದರೆ ನಕ್ಷತ್ರದ ಗೆರೆಯೂ ಅಯೋಡಿನ್ ಗೆರೆಯೂ ಒಟ್ಟಿಗೇ ಜರುಗುತ್ತವೆ. ನಕ್ಷತ್ರ ಅಲ್ಲಾಡಿದರೆ ನಕ್ಷತ್ರದ್ದು ಮಾತ್ರ ಜರುಗುತ್ತೆ. ಇಸಿ ಬ್ರಾಂಚಿನವರಿಗೆ ಇದು ಎಲ್ಲೋ ನೋಡಿದ ಮುಖ ಅನ್ನಿಸಬೇಕು: ಡಿಫರೆನ್ಷಿಯಲ್ ಆಂಪ್ಲಿಫೈಯರ್. ಎರಡು ವೈರಿಗೂ ಸಮಾನವಾಗಿ ಬಂದ ಗದ್ದಲ ಕಳೆದುಹೋಗುತ್ತೆ, ವ್ಯತ್ಯಾಸ ಮಾತ್ರ ಉಳಿಯುತ್ತೆ. 1992ರಲ್ಲಿ ಸೆಕೆಂಡಿಗೆ 10 ಮೀಟರಿನಷ್ಟಿದ್ದ ನಿಖರತೆ ಉಪಕರಣವನ್ನು ಸುಧಾರಿಸಿದ ಮೇಲೆ 1995ರ ಹೊತ್ತಿಗೆ 3 ಮೀಟರಿಗೆ ಬಂತು. ಅಂದರೆ 44 ಜ್ಯೋತಿರ್ವರ್ಷ ಆಚೆಗಿನ ಬೆಂಕಿಯುಂಡೆ ಜಾಗಿಂಗ್ ಸ್ಪೀಡಿನಲ್ಲಿ ಹಿಂದೆ ಮುಂದೆ ಹೋದರೂ ಗೊತ್ತಾಗುತ್ತೆ.

1997ರ ಆರಂಭದಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಈ ನಕ್ಷತ್ರಕ್ಕೆ ಇದ್ದದ್ದು ಒಂದೇ ಗ್ರಹ. ಹೆಸರು ಬಿ. 4.6 ದಿನಕ್ಕೆ ಒಂದು ಸುತ್ತು, ತೂಕ ಕಡಿಮೆ ಅಂದರೂ ಗುರುವಿನ ಮೂರನೇ ಎರಡು ಭಾಗ, ಬುಧ ಸೂರ್ಯನಿಗಿರುವುದಕ್ಕಿಂತ ಆರು ಪಟ್ಟು ಹತ್ತಿರ. ಕೆಲಸ ಮುಗಿಯಿತು ಅಂತ ಅಲ್ಲಿಗೇ ಬಿಟ್ಟಿದ್ದರೆ ಯಾರೂ ಬೈಯುತ್ತಿರಲಿಲ್ಲ. ಆ ಕಾಲದಲ್ಲಿ ಹೊಸ ಗ್ರಹ ಒಂದು ಸಿಕ್ಕರೇ ಪತ್ರಿಕೆಯಲ್ಲಿ ದೊಡ್ಡ ಸುದ್ದಿ.

ಆದರೆ ಲೆಕ್ಕದಲ್ಲಿ ಏನೋ ಉಳಿಯುತ್ತಿತ್ತು. ಅಳೆದ ವೇಗದಿಂದ ಬಿ ಗ್ರಹದ ಅಲೆಯನ್ನು ಕಳೆದರೆ ಉಳಿಯಬೇಕಾದದ್ದು ಅಳತೆಯ ತಪ್ಪಿನಷ್ಟು, ಅಂದರೆ ಸೆಕೆಂಡಿಗೆ ಕೆಲವೇ ಮೀಟರ್. ಇಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಅದೂ ಅಡ್ಡಾದಿಡ್ಡಿ ಅಲ್ಲ, ವರ್ಷಗಳ ಉದ್ದಕ್ಕೂ ನಿಧಾನಕ್ಕೆ ಏರಿ ಇಳಿಯುವ ಹಾಗೆ. ಇನ್ನೊಂದು ಗ್ರಹ ಇರಬಹುದು ಅಂತ ಎರಡನೇ ಅಲೆ ಸೇರಿಸಿ ನೋಡಿದರು. ಆಗಲೂ ಚುಕ್ಕೆಗಳು ಗೆರೆಯ ಮೇಲೆ ಕೂರಲಿಲ್ಲ. ಮೂರನೆಯದು ಸೇರಿಸಿದಾಗ ಕೂತವು. 241 ದಿನಕ್ಕೆ ಸುತ್ತುವ ಸಿ, ಸುಮಾರು ಮೂರೂವರೆ ವರ್ಷಕ್ಕೆ ಸುತ್ತುವ ಡಿ. ನಮ್ಮ ಸೌರಮಂಡಲದಲ್ಲಾದರೆ ಸಿ ಶುಕ್ರ–ಭೂಮಿಗಳ ನಡುವೆ, ಡಿ ಮಂಗಳದಾಚೆ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಇರುತ್ತಿದ್ದವು. ಎರಡೂ ಗುರುವಿಗಿಂತ ಭಾರಿ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಮೂರು ಅಲೆ ಸೇರಿಸಿದರೆ ಯಾವ ಗ್ರಾಫನ್ನಾದರೂ ಕೂರಿಸಬಹುದಲ್ಲ ಅಂತ ಕೇಳುವವರು ಇರುತ್ತಾರೆ, ಕೇಳಲೇಬೇಕು. ಇದಕ್ಕೆ ಉತ್ತರ ಸಿಕ್ಕಿದ್ದು ಇನ್ನೊಂದು ಟೆಲಿಸ್ಕೋಪಿನಿಂದ. ಅರಿಜೋನಾದ ವಿಪಲ್ ವೀಕ್ಷಣಾಲಯದಲ್ಲಿ ಬೇರೆ ತಂಡ, ಬೇರೆ ಸ್ಪೆಕ್ಟ್ರೋಗ್ರಾಫ್ ಇಟ್ಟುಕೊಂಡು ಇದೇ ನಕ್ಷತ್ರವನ್ನು ನೋಡುತ್ತಿತ್ತು. ಅವರ ಶೇಷದಲ್ಲೂ ಅವೇ ಎರಡು ಅಲೆ. ಎರಡೂ ತಂಡ ಸೇರಿ ಪ್ರಬಂಧ ಬರೆದರು. ಲಿಕ್‌ನಲ್ಲಿ ಅಷ್ಟು ಹೊತ್ತಿಗೆ ಹನ್ನೊಂದು ವರ್ಷದ ಡೇಟಾ ಸೇರಿತ್ತು. ನಮ್ಮ ಒಂದು ಡಿಗ್ರಿಗೆ ನಾಲ್ಕೇ ವರ್ಷ.

ಸಿಕ್ಕ ಮೇಲೂ ಆ ನಕ್ಷತ್ರ ಸುಮ್ಮನೆ ಕೂರಲು ಬಿಡಲಿಲ್ಲ. ಸಿ ಮತ್ತು ಡಿ ಕಕ್ಷೆಗಳು ನಮ್ಮ ಗ್ರಹಗಳ ಹಾಗೆ ದುಂಡಗಿಲ್ಲ, ಚೆನ್ನಾಗಿ ಎಳೆದ ದೀರ್ಘವೃತ್ತಗಳು. ಏಕೆ? 2005ರಲ್ಲಿ ಎರಿಕ್ ಫೋರ್ಡ್ ಮತ್ತು ಸಂಗಡಿಗರು ಲೆಕ್ಕ ಹಾಕಿ ಹೇಳಿದ್ದು: ಹಿಂದೊಮ್ಮೆ ಅಲ್ಲಿ ಇನ್ನೊಂದು ಗ್ರಹ ಇದ್ದಿರಬೇಕು, ಡಿ ಜೊತೆ ಜಟಾಪಟಿಯಾಗಿ ಅದು ಮನೆ ಬಿಟ್ಟು ಹೋಗಿರಬೇಕು. ಆ ಒದೆತದ ಗುರುತು ಕಕ್ಷೆಗಳಲ್ಲಿ ಇವತ್ತೂ ಉಳಿದಿದೆ. ಆಮೇಲೆ 2010ರಲ್ಲಿ ಬಾರ್ಬರಾ ಮೆಕ್ಆರ್ಥರ್ ತಂಡ ಹಬಲ್ ಟೆಲಿಸ್ಕೋಪಿನಿಂದ ಇದೇ ನಕ್ಷತ್ರದ ಓಲಾಟವನ್ನು ಆಕಾಶದ ಮೇಲೆ ಅಡ್ಡಡ್ಡವಾಗಿ ಅಳೆಯಿತು. ಡಾಪ್ಲರ್‌ನಲ್ಲಿ ನಮ್ಮ ಕಡೆಗೆ ಬರುವ, ಹೋಗುವ ವೇಗ ಮಾತ್ರ ಕಾಣುತ್ತೆ, ಕಕ್ಷೆ ಎಷ್ಟು ಓರೆ ಅಂತ ಕಾಣಲ್ಲ. ಹಾಗಾಗಿ ಗ್ರಹದ ಕನಿಷ್ಠ ತೂಕ ಮಾತ್ರ ಸಿಗುತ್ತೆ. ಹಬಲ್ ಅಳತೆ ಬಂದ ಮೇಲೆ ಗೊತ್ತಾಯಿತು, ಗುರುವಿನ ಎರಡು ಪಟ್ಟು ಅಂದುಕೊಂಡಿದ್ದ ಸಿ ಸುಮಾರು 14 ಪಟ್ಟು, ನಾಲ್ಕು ಪಟ್ಟು ಅಂದುಕೊಂಡಿದ್ದ ಡಿ ಸುಮಾರು 10 ಪಟ್ಟು. ಗುರುವಿನ 13 ಪಟ್ಟು ದಾಟಿದರೆ ಗ್ರಹ ಅನ್ನಬೇಕೋ ಕಂದು ಕುಬ್ಜ ಅನ್ನಬೇಕೋ ಅನ್ನುವ ಜಗಳವೇ ಶುರುವಾಗುತ್ತೆ. ಜೊತೆಗೆ ಎರಡರ ಕಕ್ಷೆಗಳು ಒಂದಕ್ಕೊಂದು ಸುಮಾರು 30 ಡಿಗ್ರಿ ಓರೆ! ಎಲ್ಲ ಗ್ರಹಗಳೂ ಒಂದೇ ತಟ್ಟೆಯ ಮೇಲೆ ಸುತ್ತುವ ನಮ್ಮ ಮನೆಯ ಚಿತ್ರ ಅಲ್ಲಿ ನಡೆಯಲ್ಲ. ಈ ಅಳತೆಗೆ ಬಳಸಿದ್ದು ಹಬಲ್‌ನ ಫೈನ್ ಗೈಡೆನ್ಸ್ ಸೆನ್ಸರ್. ಅದರ ಮೂಲ ಕೆಲಸ ಟೆಲಿಸ್ಕೋಪ್ ಅಲುಗದ ಹಾಗೆ ಗುರಿ ಹಿಡಿದಿಡುವುದು. ಗಾಡಿಯ ಸ್ಟೇರಿಂಗ್ ಹಿಡಿಯುವವನ ಕೈಲೇ ರಸ್ತೆಯ ಅಳತೆಯನ್ನೂ ಮಾಡಿಸಿಕೊಂಡ ಹಾಗೆ.

ಇಷ್ಟು ಓದಿ ಶೇಷದಲ್ಲಿ ಯಾವಾಗಲೂ ಗ್ರಹ ಇರುತ್ತೆ ಅಂದುಕೊಂಡರೆ ಅದೂ ಕಷ್ಟ. ಇದೇ ನಕ್ಷತ್ರಕ್ಕೆ ನಾಲ್ಕನೇ ಗ್ರಹ ಇದೆ, ಸುಮಾರು ಗುರುವಿನಷ್ಟೇ ತೂಕ, ಹತ್ತು ವರ್ಷದ ಮೇಲಿನ ಸುತ್ತು ಅಂತ 2011ರಲ್ಲಿ ಒಂದು ಪ್ರಬಂಧ ಬಂತು. ಅದೂ ಶೇಷದಿಂದಲೇ ಬಂದದ್ದು. ಆಮೇಲೆ ಬೇರೆಯವರು ಬೇರೆ ಬೇರೆ ಟೆಲಿಸ್ಕೋಪುಗಳ ಡೇಟಾವನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದರ ಡೇಟಾಗೂ ಇನ್ನೊಂದರ ಡೇಟಾಗೂ ಹೊಂದಿಕೆ ಆಗಲಿಲ್ಲ. ಆ ಅಲೆ ಉಪಕರಣದ್ದೇ ಇರಬೇಕು ಅನ್ನುವ ಅನುಮಾನ ಬಲವಾಯಿತು, ಈಗ ಅದನ್ನು ಖಚಿತವಾದ ಗ್ರಹಗಳ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ನಕ್ಷತ್ರದ ಉದಾಹರಣೆ ಕೊಡದೆ ಮುಂದೆ ಹೋಗಲು ಮನಸ್ಸಿಲ್ಲ, ಏಕೆಂದರೆ ಅದರಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಪಾಠ ಪೂರ್ತಿ ಇದೆ. 55 ಕ್ಯಾನ್ಕ್ರಿ ಕೂಡ ಸೂರ್ಯನಂಥದ್ದೇ, ಸುಮಾರು 41 ಜ್ಯೋತಿರ್ವರ್ಷ ದೂರ, ಐದು ಗ್ರಹಗಳ ಮನೆ. ಅದರ ಅತ್ಯಂತ ಒಳಗಿನ ಗ್ರಹ 2004ರಲ್ಲಿ ಸಿಕ್ಕಾಗ ಸುತ್ತಿಗೆ 2.8 ದಿನ ಅಂದಿದ್ದರು. 2010ರಲ್ಲಿ, ಆಗ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ರೆಬೆಕಾ ಡಾಸನ್ ಮತ್ತು ಡೇನಿಯಲ್ ಫ್ಯಾಬ್ರಿಕಿ ಒಂದು ಪ್ರಶ್ನೆ ಎತ್ತಿದರು. ಟೆಲಿಸ್ಕೋಪು ನೋಡೋದು ರಾತ್ರಿ ಮಾತ್ರ, ಅಂದರೆ ಸ್ಯಾಂಪ್ಲಿಂಗ್ ಹೆಚ್ಚುಕಮ್ಮಿ ದಿನಕ್ಕೊಂದು. ಹಾಗಿದ್ದರೆ ಇದು ಅಲಿಯಾಸಿಂಗ್ ಯಾಕಾಗಿರಬಾರದು? ಗ್ರಹ ನಿಜವಾಗಿ 0.74 ದಿನಕ್ಕೆ ಸುತ್ತುತ್ತಿದ್ದರೆ ದಿನಕ್ಕೆ 1.36 ಸುತ್ತು. ಅದರಿಂದ ಒಂದು ಕಳೆಯಿರಿ, 0.36. ತಲೆಕೆಳಗೆ ಮಾಡಿ, 2.8 ದಿನ. ಮುಂದಿನ ವರ್ಷ ಆ ಗ್ರಹ ನಕ್ಷತ್ರದ ಮುಂದೆ ಹಾದುಹೋಗುವುದನ್ನು ಹಿಡಿದಾಗ ಅವರ ಮಾತೇ ನಿಜವಾಯಿತು: ಅಲ್ಲಿ ಒಂದು ವರ್ಷಕ್ಕೆ ನಮ್ಮ 18 ಗಂಟೆಗಿಂತ ಚೂರು ಕಮ್ಮಿ. ನೈಕ್ವಿಸ್ಟ್ ಥಿಯರಮ್ ಹತ್ತು ಮಾರ್ಕಿನ ಪ್ರಶ್ನೆಯಾಗಿ ಎಷ್ಟು ಸಲ ಬಂದಿದೆ, ಇಷ್ಟು ಚೆಂದದ ಉದಾಹರಣೆ ಒಮ್ಮೆಯೂ ಕಿವಿಗೆ ಬಿದ್ದಿಲ್ಲ.

ಈಗ ನಮ್ಮ ಲ್ಯಾಬಿಗೆ ಬರೋಣ.

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್ ಎಲ್ಲರಿಗೂ ಗೊತ್ತು. ಟಾರ್ಷನಲ್ ಪೆಂಡುಲಮ್ಮು, ಡಿಫ್ರ್ಯಾಕ್ಷನ್ ಗ್ರೇಟಿಂಗು, ಫರ್ಮಿ ಎನರ್ಜಿ. ರೆಕಾರ್ಡಿನಲ್ಲಿ ಏಮ್, ಅಪರೇಟಸ್, ಫಾರ್ಮುಲಾ, ಟೇಬಲ್, ಕ್ಯಾಲ್ಕುಲೇಷನ್, ರಿಸಲ್ಟ್. ರಿಸಲ್ಟ್ ಪುಸ್ತಕದ ಬೆಲೆಗೆ ಹತ್ತಿರ ಬಂದರೆ ಸೈನ್ ಬೀಳುತ್ತೆ, ಬರದಿದ್ದರೆ "ರಿಪೀಟ್". ಇಂಥ ವ್ಯವಸ್ಥೆಯಲ್ಲಿ ಏನಾಗುತ್ತೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಉತ್ತರ ಮೊದಲು ಬರುತ್ತೆ, ರೀಡಿಂಗ್ ಆಮೇಲೆ ಹುಟ್ಟುತ್ತೆ. ಬ್ಯಾಕ್ ಕ್ಯಾಲ್ಕುಲೇಷನ್ ಅನ್ನುವ ವಿದ್ಯೆ ಸೀನಿಯರಿನಿಂದ ಜೂನಿಯರಿಗೆ ಗುರುಶಿಷ್ಯ ಪರಂಪರೆಯಲ್ಲಿ ಇಳಿದು ಬರುತ್ತೆ. ಗ್ರಾಫ್ ಶೀಟಿನ ಮೇಲೆ ಐದು ಚುಕ್ಕೆ ಗೆರೆ ಮೇಲೆ, ಆರನೆಯದು ಹೊರಗೆ ಬಿದ್ದರೆ ಅದಕ್ಕೆ ರಬ್ಬರ್.

ಅಧ್ಯಾಪಕರನ್ನು ಬೈಯುವುದು ಇಲ್ಲಿ ಸುಲಭ, ಆದರೆ ನ್ಯಾಯ ಅಲ್ಲ. ಎರಡು ಗಂಟೆಯ ಸ್ಲಾಟ್, ದೊಡ್ಡ ಬ್ಯಾಚು, ಬೆರಳೆಣಿಕೆಯ ಉಪಕರಣ, ಅದರಲ್ಲಿ ಒಂದರ ಸ್ಕ್ರೂ ಸಡಿಲ. ಎಲ್ಲರ ರೀಡಿಂಗ್ ಹಿಂದಿನ ಕಾರಣ ಕೇಳುತ್ತಾ ಕೂತರೆ ಸಂಜೆ ಬಸ್ಸು ತಪ್ಪುತ್ತೆ. ಸರಿ. ಆದರೆ ಆ ಸಡಿಲ ಸ್ಕ್ರೂವೇ ಅಲ್ಲಿ ಕಲಿಯಬೇಕಾದ ವಿಷಯ ಅಲ್ಲವಾ? ಪುಸ್ತಕದ ಬೆಲೆ ಪುಸ್ತಕದಲ್ಲೇ ಇದೆ, ಅದನ್ನು ಮತ್ತೆ ಬರೆಯಲು ಲ್ಯಾಬು ಯಾಕೆ ಬೇಕು? ನಮ್ಮ ಟೇಬಲ್ಲಿನ ಮೇಲಿರುವ ಈ ಉಪಕರಣ ಇವತ್ತು ಪುಸ್ತಕದಿಂದ ಎಷ್ಟು ದೂರ, ಯಾವ ದಿಕ್ಕಿಗೆ, ಯಾಕೆ? ಇದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ಶೇಷದಲ್ಲಿ ಮಾತ್ರ ಇದೆ.

ಇದು ಫಸ್ಟ್ ಇಯರಿಗೇ ಮುಗಿಯಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಪ್ರೆಸೆಂಟೇಷನ್ನುಗಳಲ್ಲಿ "ಅಕ್ಯುರಸಿ 98 ಪರ್ಸೆಂಟ್" ಅನ್ನುವ ಸ್ಲೈಡ್ ಬಂದ ತಕ್ಷಣ ಚಪ್ಪಾಳೆ. ಉಳಿದ ಎರಡು ಯಾವುವು, ಅವೆಲ್ಲ ಒಂದೇ ಥರದವಾ ಅಂತ ಕೇಳುವವರು ಕಮ್ಮಿ. ಕರ್ವ್ ಫಿಟ್ ಮಾಡಿ ಆರ್ ಸ್ಕ್ವೇರ್ 0.99 ಬಂತು ಅಂತ ಬರೆದು ಮುಗಿಸುತ್ತೇವೆ. ಆದರೆ ಆರ್ ಸ್ಕ್ವೇರ್ ಹೇಳೋದು ಉಳಿದದ್ದು ಎಷ್ಟು ಚಿಕ್ಕದು ಅಂತ ಮಾತ್ರ, ಉಳಿದದ್ದರಲ್ಲಿ ವಿನ್ಯಾಸ ಇದೆಯಾ ಅಂತ ಅದು ಹೇಳಲ್ಲ. ಶೇಷವನ್ನು ಕಾಲದ ಎದುರು ಪ್ಲಾಟ್ ಮಾಡಿ ಕಣ್ಣಿಂದ ನೋಡಿದರೆ ಮಾತ್ರ ಅಲೆ ಕಾಣುತ್ತೆ. ಸೇತುವೆಯ ಮೇಲಿನ ಸೆನ್ಸರ್ ಇರಲಿ, ಬ್ಯಾಟರಿಯ ತಾಪಮಾನ ಇರಲಿ, ತೊಂದರೆ ಮೊದಲು ಕಾಣಿಸಿಕೊಳ್ಳೋದು ಹೀಗೆ ಚಿಕ್ಕದಾಗಿ, ಗೆರೆಯಿಂದ ಸ್ವಲ್ಪ ಆಚೆ. ನಾಲ್ಕು ವರ್ಷ ಅದನ್ನು ರಬ್ಬರಿನಿಂದ ಅಳಿಸಿ ಅಭ್ಯಾಸವಾದ ಕೈ ಕೆಲಸಕ್ಕೆ ಸೇರಿದ ದಿನ ತಾನಾಗೇ ನಿಲ್ಲುತ್ತೆ ಅಂತ ನಮಗೇನೂ ನಂಬಿಕೆ ಇಲ್ಲ.

ಹಾಗಾಗಿ ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ರೆಕಾರ್ಡಿನ ಟೇಬಲ್ಲಿಗೆ ಇನ್ನೊಂದು ಕಾಲಮ್ ಸೇರಲಿ: ಅಳೆದದ್ದು, ಫಾರ್ಮುಲಾ ಹೇಳಿದ್ದು, ಶೇಷ. ರಿಸಲ್ಟಿನ ಕೆಳಗೆ ಎರಡು ಸಾಲು, ಶೇಷ ಯಾಕೆ ಹೀಗಿದೆ ಅಂತ ನಮ್ಮ ಊಹೆ. ಹತ್ತರಲ್ಲಿ ಮೂರು ಮಾರ್ಕು ಆ ಎರಡು ಸಾಲಿಗೆ ಇರಲಿ, ರಿಸಲ್ಟು ಪುಸ್ತಕಕ್ಕೆ ಹತ್ತಿರ ಬಂದದ್ದಕ್ಕೆ ಮಾರ್ಕು ಬೇಡ. ಆಗ ಬ್ಯಾಕ್ ಕ್ಯಾಲ್ಕುಲೇಷನ್ ಮಾಡುವವನಿಗೆ ಶೇಷವನ್ನೂ ಹುಟ್ಟಿಸಬೇಕಾಗುತ್ತೆ. ನಂಬುವಂಥ ಗದ್ದಲವನ್ನು ಕೈಯಿಂದ ಬರೆಯೋದು ನಿಜವಾಗಿ ರೀಡಿಂಗ್ ತೆಗೆಯುವುದಕ್ಕಿಂತ ಕಷ್ಟದ ಕೆಲಸ, ಬೇಕಾದರೆ ಪ್ರಯತ್ನಿಸಿ ನೋಡಿ.

ಅಂದಹಾಗೆ ಈ ನಕ್ಷತ್ರಕ್ಕೆ 2015ರಲ್ಲಿ ಅಧಿಕೃತವಾಗಿ ಟಿಟಾವಿನ್ ಅನ್ನುವ ಹೆಸರು ಬಂತು. ಹೆಸರು ಸೂಚಿಸಿದ್ದು ಮೊರಾಕೊದ ವೆಗಾ ಅನ್ನುವ ಒಂದು ಖಗೋಳ ಕ್ಲಬ್ಬು. ಟಿಟಾವಿನ್ ಅವರ ಟೆಟುವಾನ್ ಊರಿನ ಹಳೆಯ ಹೆಸರು. ಗ್ರಹಗಳಿಗೆ ಸಫಾರ್, ಸಮ್ಹ್, ಮಜ್ರೀತಿ ಅಂತ, ಸಾವಿರ ವರ್ಷದ ಹಿಂದೆ ಸ್ಪೇನಿನಲ್ಲಿದ್ದ ಅರಬ್ ಗಣಿತಜ್ಞರ ಹೆಸರು. ಕ್ಲಬ್ಬುಗಳು ಫೆಸ್ಟು ಮಾಡೋದರ ಜೊತೆಗೆ ಇಂಥದ್ದನ್ನೂ ಮಾಡುತ್ತವೆ ಅಂತ ನಮ್ಮ ಕಮಿಟಿಯವರ ಗಮನಕ್ಕೆ.

ನೋಡಬೇಕು ಅನ್ನುವವರಿಗೆ: ನವೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿದರೆ ಕರ್ನಾಟಕದಿಂದ ಚೆನ್ನಾಗಿ ಮೇಲಕ್ಕಿರುತ್ತೆ. ಬರಿಗಣ್ಣಿಗೆ ಕಾಣುವಂಥದ್ದೇ, ಆದರೆ ಬೆಂಗಳೂರಿನ ಲೈಟಿನಲ್ಲಿ ಕಷ್ಟ, ಊರಿಗೆ ಹೋದಾಗ ಪ್ರಯತ್ನಿಸಿ.

ಅದಕ್ಕಿಂತ ಒಳ್ಳೆಯ ಕೆಲಸ ಹಾಸ್ಟೆಲ್ಲಿನಲ್ಲೇ ಕೂತು ಮಾಡಬಹುದು. ಲಿಕ್‌ನ ಆ ಹುಡುಕಾಟ 1987ರಿಂದ 2011ರವರೆಗೆ ನಡೆಯಿತು. ನಿಂತದ್ದು ಹೇಗೆ ಗೊತ್ತಾ? ಅಯೋಡಿನ್ ಕೊಳವೆಯನ್ನು ಬೆಚ್ಚಗಿಡುವ ಹೀಟರ್ ಕೆಟ್ಟು ಕೊಳವೆಯೇ ಹಾಳಾಗಿ. 386 ನಕ್ಷತ್ರಗಳ 14,000ಕ್ಕೂ ಹೆಚ್ಚು ವೇಗದ ಅಳತೆಗಳನ್ನು 2014ರಲ್ಲಿ ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಿದ್ದಾರೆ. ಅದರಲ್ಲಿ ಈ ನಕ್ಷತ್ರದ ಕ್ಯಾಟಲಾಗ್ ಹೆಸರು ಎಚ್‌ಡಿ 9826. ಫೈಲ್ ಇಳಿಸಿಕೊಳ್ಳಿ, ಪೈಥಾನಿನಲ್ಲಿ 4.617 ದಿನದ ಒಂದು ಸೈನ್ ಅಲೆ ಕೂರಿಸಿ, ಕಳೆಯಿರಿ, ಉಳಿದದ್ದನ್ನು ತಾರೀಖಿನ ಎದುರು ಪ್ಲಾಟ್ ಮಾಡಿ. ಒಂದು ಶನಿವಾರ ಮಧ್ಯಾಹ್ನ ಸಾಕು. ಬಂದ ಗ್ರಾಫನ್ನು ಕ್ಲಬ್ಬಿನ ಮೇಲ್‌ಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಹೊರಗೆ ಬಿದ್ದ ಚುಕ್ಕೆಗಳನ್ನು ಅಳಿಸದೆ ಕಳಿಸಿ.